ಹಳಿಯ ಪಕ್ಕ, ಕೆರೆ ಏರಿಯ ಮೇಲೆ

ಕೋಲಾರದಿಂದ ಶ್ರೀನಿವಾಸಪುರಕ್ಕೆ ಸೈಕಲ್ಲಿನಲ್ಲಿ ಹೊರಟವರಿಗೆ ಸಿಗುವುದು ಒಂದೇ ಡಾಂಬರು ರಸ್ತೆ. ಬಸ್ಸು, ಟ್ರ್ಯಾಕ್ಟರು, ಮಾವಿನ ಕಾಲದಲ್ಲಿ ಸಾಲುಗಟ್ಟುವ ಲಾರಿ, ಟೆಂಪೊ ಎಲ್ಲವೂ ಅದರ ಮೇಲೆಯೇ ಓಡಬೇಕು. ಮುಳಬಾಗಿಲಿನ ಕಡೆ ತಿರುಗಿದರೆ ರಾಷ್ಟ್ರೀಯ ಹೆದ್ದಾರಿ 75. ಮಾಲೂರಿನ ಕಡೆ ಹೋದರೆ ಇಟ್ಟಿಗೆ, ಹೆಂಚು ಹೇರಿಕೊಂಡ ಗಾಡಿಗಳು. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಸೀಮೆ ಹಾದು ಬೇತಮಂಗಲದ ಕಡೆ ಬಂದಿರುವ ಚೆನ್ನೈ ಎಕ್ಸ್‌ಪ್ರೆಸ್‌ವೇ ಮೇಲಂತೂ ನಡೆಯುವವರಿಗೂ ಸೈಕಲ್ಲಿಗೂ ಪ್ರವೇಶವಿಲ್ಲ. ಹತ್ತು ವರ್ಷಗಳಲ್ಲಿ ಜಿಲ್ಲೆಯ ರಸ್ತೆಗಳು ಅಗಲವಾದವು, ನುಣುಪಾದವು. ಅದೇ ಹೊತ್ತಿನಲ್ಲಿ ಕಾಲಿಗೂ ಪೆಡಲಿಗೂ ಇದ್ದ ಅಂಚಿನ ಜಾಗ ಸವೆದುಹೋಯಿತು. ಬೆಳಗಿನ ವಾಕಿಂಗಿಗೆ ಹೊರಟ ಹಿರಿಯರು ಕಾಲೇಜಿನ ಆಟದ ಮೈದಾನದಲ್ಲಿ ಸುತ್ತು ಹಾಕಿ ಮನೆಗೆ ಮರಳುತ್ತಾರೆ. ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೋಗುವ ಹಳ್ಳಿಯ ಹುಡುಗಿಯರು ಲಾರಿ ಹಾರನ್ನಿಗೆ ಬೆಚ್ಚಿ ಮಣ್ಣಿಗಿಳಿಯುತ್ತಾರೆ.

ಇದಕ್ಕೆ ಬೇರೆ ದೇಶಗಳು ಕಂಡುಕೊಂಡ ಒಂದು ಉಪಾಯವಿದೆ. ರೈಲು ನಿಂತುಹೋದ ಕಡೆ ಹಳಿ ಕಿತ್ತು, ಆ ದಾರಿಯನ್ನು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಡುವುದು. ರೈಲ್ ಟ್ರೇಲ್ ಎಂಬ ಹೆಸರಿನಲ್ಲಿ ಈಗ ಜಗತ್ತಿನ ಎಷ್ಟೋ ನದಿದಂಡೆಗಳಲ್ಲಿ ಇಂಥ ದಾರಿಗಳಿವೆ. ನಮ್ಮ ಜಿಲ್ಲೆಯಲ್ಲಿ ಇದು ಸಾಧ್ಯವೇ ಎಂದು ಕೇಳುವವರಿದ್ದಾರೆ. ನನ್ನ ಉತ್ತರ ಸಾಧ್ಯ ಎಂದೇ. ಆದರೆ ಇಲ್ಲಿ ಅದು ಸತ್ತ ಹಳಿಯ ಮೇಲೆ ಬರುವುದಿಲ್ಲ, ಬದುಕಿರುವ ಹಳಿಯ ಪಕ್ಕದಲ್ಲಿ, ಕೆರೆ ಏರಿಗಳ ಮೇಲೆ ಬರಬೇಕು.

ರೈಲು ಹೋಗುತ್ತಿದ್ದ ದಾರಿ ನಡಿಗೆಗೆ, ಸೈಕಲ್ಲಿಗೆ ಅಷ್ಟು ಒಗ್ಗುವುದು ಏಕೆಂಬುದನ್ನು ಮೊದಲು ನೋಡೋಣ. ಉಕ್ಕಿನ ಗಾಲಿ ಉಕ್ಕಿನ ಹಳಿಯ ಮೇಲೆ ಸಲೀಸಾಗಿ ಉರುಳುತ್ತದೆ, ಆದರೆ ಅದಕ್ಕೆ ಹಿಡಿತ ಕಡಿಮೆ. ಏರು ಸ್ವಲ್ಪ ಜಾಸ್ತಿಯಾದರೂ ಎಂಜಿನ್ನಿನ ಗಾಲಿ ಜಾರುತ್ತದೆ. ಹಾಗಾಗಿ ರೈಲು ಎಂಜಿನಿಯರುಗಳು ದಿಬ್ಬವನ್ನು ಕಡಿದು, ತಗ್ಗನ್ನು ತುಂಬಿ, ನೂರು ಮೀಟರು ಹೋದರೆ ಒಂದು ಮೀಟರು ಏರುವಷ್ಟು ಹದಕ್ಕೆ ದಾರಿಯನ್ನು ತರುತ್ತಾರೆ. ಘಟ್ಟದಲ್ಲಿ ಐವತ್ತಕ್ಕೆ ಒಂದು ಬಂದರೆ ಅದೇ ಕಡಿದಾದ ಏರು. ನಮ್ಮ ಹಳ್ಳಿ ರಸ್ತೆಗಳಲ್ಲಿ ನೂರಕ್ಕೆ ಐದಾರು ಮೀಟರು ಏರುವ ದಿಬ್ಬಗಳು ಎಲ್ಲೆಲ್ಲೂ ಸಿಗುತ್ತವೆ. ಅಂಥ ದಿಬ್ಬದಲ್ಲಿ ಒಂದೇ ವೇಗ ಕಾಯ್ದುಕೊಳ್ಳಬೇಕಾದರೆ, ಮೈಭಾರವನ್ನು ಮೇಲೆತ್ತುವುದಕ್ಕೇ ರೈಲು ದಾರಿಗಿಂತ ಐದಾರು ಪಟ್ಟು ಶಕ್ತಿ ಬೇಕು. ಅರವತ್ತು ದಾಟಿದವರು, ಮಂಡಿ ನೋವಿನವರು, ಗೇರಿಲ್ಲದ ಹಳೆಯ ಸೈಕಲ್ಲಿನವರು ಸೋಲುವುದು ಈ ದಿಬ್ಬಗಳ ಎದುರಿಗೆ. ರೈಲು ದಾರಿಯಲ್ಲಿ ಏರು ಬಂದದ್ದೂ ಗೊತ್ತಾಗುವುದಿಲ್ಲ. ಜೊತೆಗೆ ಆಗಿನ ಉಗಿ ರೈಲಿಗೆ ನೀರು ಬೇಕಿತ್ತು, ತಗ್ಗಾದ ಕಣಿವೆ ಬೇಕಿತ್ತು. ಎರಡೂ ಸಿಗುವುದು ನದಿಯ ದಂಡೆಯಲ್ಲಿ. ನದಿದಂಡೆಯ ರೈಲ್ ಟ್ರೇಲ್‌ಗಳು ಅಷ್ಟೊಂದು ಇರುವುದು ಹೀಗಾಗಿಯೇ.

ಇಂಗ್ಲೆಂಡಿನ ಬ್ರಿಸ್ಟಲ್ ಮತ್ತು ಬಾತ್ ಊರುಗಳ ನಡುವೆ ಮುಚ್ಚಿಹೋಗಿದ್ದ ರೈಲು ದಾರಿಯನ್ನು 1979ರಲ್ಲಿ ಸ್ವಯಂಸೇವಕರು ಸಲಿಕೆ ಹಿಡಿದು ಹದ ಮಾಡಲು ತೊಡಗಿದರು. 1986ರ ಹೊತ್ತಿಗೆ ಸುಮಾರು 21 ಕಿಲೋಮೀಟರಿನ ಆ ದಾರಿ ಮುಗಿಯಿತು. ಏವನ್ ನದಿಯನ್ನು ಹಲವು ಸಲ ದಾಟುವ ಆ ಹಾದಿ ಈಗ ಜನ ದಿನಾ ಕೆಲಸಕ್ಕೆ ಹೋಗಿಬರುವ ದಾರಿ. ಅಮೆರಿಕದಲ್ಲಿ 1983ರಲ್ಲಿ ಕಾನೂನಿಗೇ ತಿದ್ದುಪಡಿ ತಂದರು. ರೈಲು ಓಡದ ಮಾರ್ಗದ ಜಮೀನನ್ನು ತುಂಡು ತುಂಡಾಗಿ ಮಾರಿಬಿಡುವ ಬದಲು ಮುಂದೊಂದು ದಿನದ ರೈಲಿಗಾಗಿ ಕಾಯ್ದಿಟ್ಟು, ಅಲ್ಲಿಯವರೆಗೆ ನಡೆಯುವವರಿಗೆ ಬಿಡುವ ಏರ್ಪಾಟು ಅದು. ಒಂದು ಸಲ ತುಂಡಾದ ದಾರಿಯನ್ನು ಮತ್ತೆ ಹೊಲಿಯುವುದು ಎಷ್ಟು ಕಷ್ಟವೆಂದು ಭೂಸ್ವಾಧೀನದ ಕಡತಗಳನ್ನು ನೋಡಿದ ಯಾರಿಗೂ ಗೊತ್ತಿರುತ್ತದೆ.

ಇವೆಲ್ಲದರಲ್ಲಿ ಕೋಲಾರದವರು ಗಮನವಿಟ್ಟು ನೋಡಬೇಕಾದ್ದು ನ್ಯೂಜಿಲೆಂಡಿನ ಒಟಾಗೊ. ಅದೂ ಚಿನ್ನದ ಸೀಮೆ. 1861ರಲ್ಲಿ ಅಲ್ಲಿ ಚಿನ್ನ ಸಿಕ್ಕ ಸುದ್ದಿಗೆ ಜನ ನುಗ್ಗಿದರು, ಊರುಗಳೆದ್ದವು, ಮುಂದೆ ರೈಲೂ ಬಂತು. ಚಿನ್ನ ಮುಗಿಯಿತು, ಜನ ಚದುರಿದರು, 1990ರಲ್ಲಿ ಒಳನಾಡಿನ ಆ ರೈಲು ಮಾರ್ಗವೂ ಮುಚ್ಚಿತು. ಹತ್ತು ವರ್ಷಗಳ ನಂತರ, 2000ದಲ್ಲಿ, ಅದೇ ಮಾರ್ಗದ 152 ಕಿಲೋಮೀಟರು ಸೈಕಲ್ಲಿನವರಿಗಾಗಿ ತೆರೆದುಕೊಂಡಿತು. ಹಳೆಯ ರೈಲು ಸೇತುವೆಗಳಿಗೆ ಹಲಗೆ ಹಾಸಿ ಹಿಡಿಗಂಬಿ ಕಟ್ಟಿದರು. ಬಂದವರು ದಾರಿಯುದ್ದಕ್ಕೂ ಒಂದೊಂದು ಊರಿನಲ್ಲಿ ರಾತ್ರಿ ತಂಗುತ್ತಾರೆ. ಖಾಲಿಯಾಗುತ್ತಿದ್ದ ಊರುಗಳಲ್ಲಿ ಊಟದ ಮನೆ, ತಂಗುವ ಮನೆ, ಸೈಕಲ್ ರಿಪೇರಿ ಅಂಗಡಿ ಹುಟ್ಟಿಕೊಂಡವು. ನಮ್ಮ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಅಲ್ಲಿಂದ ಇಲ್ಲಿಯವರೆಗೆ ಆ ಊರಿನ ಜನ ಬೆಳಗ್ಗೆ ಬೆಂಗಳೂರಿನ ರೈಲು ಹತ್ತಿ ಹೋಗಿ ರಾತ್ರಿ ಮರಳುತ್ತಿದ್ದಾರೆ. ಒಟಾಗೊದ ಕಥೆ ಓದಿದಾಗಲೆಲ್ಲ ನನಗೆ ನೆನಪಾಗುವುದು ಆ ರೈಲಿನ ಕಿಕ್ಕಿರಿದ ಬೋಗಿಗಳು.

ಹಾಗಾದರೆ ನಮ್ಮ ಹಳಿಗಳ ಕಥೆಯೇನು? ಈ ಸೀಮೆಗೆ ರೈಲು ಬಂದದ್ದು ಬಹಳ ಬೇಗ. ಬೆಂಗಳೂರು ದಂಡಿನಿಂದ ಜೋಲಾರಪೇಟೆಗೆ 1864ರಲ್ಲಿ ತೆರೆದ ಬ್ರಾಡ್‌ಗೇಜ್ ಮಾರ್ಗ ಮಾಲೂರು, ಟೇಕಲ್ ಹಾದುಹೋಗುತ್ತದೆ. ಮೈಸೂರು ಸೀಮೆಯ ಮೊದಲ ರೈಲು ಮಾರ್ಗವೇ ಅದು. ಆಗಿನ ಕಮಿಷನರ್ ಲೆವಿನ್ ಬೆಂಥಮ್ ಬೌರಿಂಗ್ ಹೆಸರಿನಲ್ಲಿ ಬೌರಿಂಗ್‌ಪೇಟೆ ಹುಟ್ಟಿತು, ನಾವು ಅದನ್ನು ಬಂಗಾರಪೇಟೆ ಮಾಡಿಕೊಂಡೆವು. 1894ರಲ್ಲಿ ಅಲ್ಲಿಂದ ಮಾರಿಕುಪ್ಪಮ್‌ಗೆ, ಅಂದರೆ ಚಿನ್ನದ ಗಣಿಗೆ, ಒಂದು ಕವಲು ಹೋಯಿತು. ಜಿಲ್ಲಾ ಕೇಂದ್ರವಾದ ಕೋಲಾರಕ್ಕೆ ಮಾತ್ರ ರೈಲು ಬರಲು 1913ರವರೆಗೆ ಕಾಯಬೇಕಾಯಿತು. ಬಂದದ್ದು ಕೋಲಾರ ಜಿಲ್ಲಾ ರೈಲ್ವೆ, ಎರಡೂವರೆ ಅಡಿ ಅಂತರದ ನ್ಯಾರೋಗೇಜ್ ಹಳಿಯ ಮೇಲೆ. ಆಚೆ ಕಡೆಯಿಂದ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆಯ ಹಳಿಗಳು 1915ರಿಂದೀಚೆಗೆ ದೇವನಹಳ್ಳಿ, ನಂದಿ ಕಡೆ ಬಂದವು. ಕೊನೆಗೆ ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಸುತ್ತಿಕೊಂಡು ಯಲಹಂಕದವರೆಗೆ ಸುಮಾರು 150 ಕಿಲೋಮೀಟರಿನ ಒಂದೇ ದಾರಿಯಾಯಿತು.

ನ್ಯಾರೋಗೇಜ್ ಹಾಕಿದ್ದು ಖರ್ಚು ಉಳಿಸಲು. ಬಂಡೆ ಸೀಳಿ ಸುರಂಗ ಕೊರೆಯುವ ಬದಲು ಹಳಿ ಗುಡ್ಡವನ್ನು ಬಳಸಿಕೊಂಡು ಹೋಗುತ್ತದೆ, ಕೆರೆಯ ಅಂಚು ಹಿಡಿಯುತ್ತದೆ, ಊರಿನ ಹಿತ್ತಿಲಿಗೆ ತಾಕಿದ ಹಾಗೆ ಸಾಗುತ್ತದೆ. ರೈಲಿನ ವೇಗವೂ ಅದಕ್ಕೆ ತಕ್ಕಂತೆ. ರೇಷ್ಮೆಗೂಡು, ಹುಣಸೆಹಣ್ಣು, ಮಾವು, ಶೇಂಗಾ, ಜಾತ್ರೆಗೆ ಹೊರಟ ಜನ ಎಲ್ಲವನ್ನೂ ಅದು ನಿಧಾನಕ್ಕೆ ಹೊತ್ತಿತು. ರೈಲ್ ಟ್ರೇಲ್‌ಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗಲಾರದು.

ಆದರೆ ಈ ಮಾರ್ಗ ಸಾಯಲಿಲ್ಲ, ಬೆಳೆಯಿತು. ಬಂಗಾರಪೇಟೆ–ಕೋಲಾರದ ತುಂಡು 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಕೋಲಾರ–ಚಿಕ್ಕಬಳ್ಳಾಪುರದ ತುಂಡಿನ ಪರಿವರ್ತನೆ ಮುಗಿದದ್ದು 2013ರಲ್ಲಿ. ಜನಕ್ಕೆ ರೈಲು ಬೇಕಿತ್ತು, ಅದಕ್ಕಾಗಿ ಹೋರಾಡಿದರು, ಬಂತು. ರೈಲು ಓಡುವ ದಾರಿಯನ್ನು ಕಿತ್ತು ವಾಕಿಂಗ್ ಹಾದಿ ಮಾಡಿ ಎಂದು ಕೇಳುವ ಹಕ್ಕು ಯಾರಿಗೂ ಇಲ್ಲ, ನನಗಂತೂ ಆ ಆಸೆಯೇ ಇಲ್ಲ. ಮುಳಬಾಗಿಲಿಗೆ ಇವತ್ತಿಗೂ ರೈಲಿಲ್ಲ. ಅಲ್ಲಿಯವರಿಗೆ ಮೊದಲು ಬೇಕಾದ್ದು ರೈಲು, ಆಮೇಲೆ ಟ್ರೇಲು.

ಗೇಜ್ ಬದಲಾಗುವಾಗ ಸಾಮಾನ್ಯವಾಗಿ ಹೊಸ ಹಳಿ ಹಳೆಯದರ ಜಾಡಿನಲ್ಲೇ ಬರುತ್ತದೆ. ನ್ಯಾರೋಗೇಜಿನ ತಿರುವು ತೀರ ಬಿಗಿಯಾಗಿದ್ದ ಕಡೆ ಮಾತ್ರ ನೇರ ಮಾಡಲು ಪಕ್ಕಕ್ಕೆ ಸರಿಯುತ್ತದೆ. ಹಾಗೆ ಬಿಟ್ಟುಹೋದ ಹಳೆಯ ಮಣ್ಣಿನ ದಿಂಡು, ಕಲ್ಲು ಕಟ್ಟಡದ ಮೋರಿ ಇಂದಿಗೂ ರೈಲ್ವೆಯ ಆಸ್ತಿ. ಅವು ಒತ್ತುವರಿಗೆ ತುತ್ತಾಗುವ ಮೊದಲು ನಕ್ಷೆಗೆ ಬರಬೇಕು. ಯಲಹಂಕ–ಚಿಕ್ಕಬಳ್ಳಾಪುರದ ನಡುವಿನ ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳ ಶತಮಾನದ ಕಟ್ಟಡಗಳ ಕಡೆ ಪರಂಪರೆ ಉಳಿಸುವ ಇಂಟ್ಯಾಕ್ ಸಂಸ್ಥೆ ಗಮನ ಹರಿಸಿದ್ದರಿಂದ ಕೆಲವು ಮತ್ತೆ ಕಳೆ ಪಡೆದಿವೆ. ಕೋಲಾರದ ಕಡೆಯ ಹಳೆಯ ಗುರುತುಗಳಿಗೂ ಅಂಥದೇ ಕಣ್ಣು ಬೇಕು.

ಓಡುವ ಹಳಿಯ ಮೇಲೆ ನಡೆಯುವ ಆಸೆ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ದೊಡ್ಡ ಉದಾಹರಣೆ ಸಕಲೇಶಪುರದ್ದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇಳಿಯುವ ಘಟ್ಟದ ಮಾರ್ಗ ಸುಮಾರು 55 ಕಿಲೋಮೀಟರು. 57 ಸುರಂಗ, 109 ಸೇತುವೆ. ದೋಣಿಗಲ್ಲು, ಎಡಕುಮೇರಿ, ಶಿರಿಬಾಗಿಲು ನಿಲ್ದಾಣಗಳ ನಡುವೆ ಕೆಂಪುಹೊಳೆ ಜೊತೆಗೇ ಹರಿಯುತ್ತದೆ. 1979ರಲ್ಲಿ ಮೀಟರ್‌ಗೇಜ್ ಆಗಿ ತೆರೆದ ಈ ಮಾರ್ಗದಲ್ಲಿ 1996ರಲ್ಲಿ ರೈಲು ನಿಂತಿತು. ಮತ್ತೆ ಬ್ರಾಡ್‌ಗೇಜ್ ರೈಲು ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು ಅದರ ಮುಂದಿನ ವರ್ಷ. ನಡುವಿನ ಆ ಹತ್ತು ವರ್ಷ ಅದು ನಮ್ಮ ರಾಜ್ಯದ ನದಿದಂಡೆಯ ರೈಲ್ ಟ್ರೇಲ್ ಆಗಿಹೋಗಿತ್ತು. ಯಾರೂ ಘೋಷಿಸಲಿಲ್ಲ, ಯಾರೂ ಕಟ್ಟಲಿಲ್ಲ. ಬೆಂಗಳೂರು, ಮಂಗಳೂರು, ಹಾಸನದ ಹುಡುಗರು ಬೆನ್ನಿಗೆ ಚೀಲ ಕಟ್ಟಿಕೊಂಡು ಬಂದು ಹಳಿ ಹಿಡಿದು ನಡೆದರು. ರೈಲು ಮರಳಿ ಬಂದ ಮೇಲೂ ಜನ ಬರುವುದು ನಿಲ್ಲಲಿಲ್ಲ. ಸುರಂಗದೊಳಗೆ, ಸೇತುವೆಯ ಮೇಲೆ ರೈಲು ಎದುರಾದರೆ ಸರಿದು ನಿಲ್ಲಲು ಜಾಗ ಅಲ್ಲಲ್ಲಿ ಮಾತ್ರ. ರೈಲ್ವೆ ಅಲ್ಲಿ ಚಾರಣ ನಿಷೇಧಿಸಿತು, ಹಿಡಿದು ದಂಡ ಹಾಕಿತು.

ಆ ನಿಷೇಧ ಸರಿಯಾದದ್ದು. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಹಳಿಯ ಜಾಗದೊಳಗೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ. ಕಾನೂನು ಹಾಗಿರಲಿ, ಮಾಲೂರಿನ ಮುಖ್ಯ ಮಾರ್ಗದಲ್ಲಿ ಬೆಳಗ್ಗೆ ಹಳಿಯ ಪಕ್ಕ ವಾಕಿಂಗ್ ಮಾಡುವವರನ್ನು ನೋಡಿದರೆ ನನಗೆ ಹೊಟ್ಟೆ ಕಲಸಿದಂತಾಗುತ್ತದೆ. ವಿದ್ಯುತ್ ಎಂಜಿನ್ ಬಂದ ಮೇಲೆ ರೈಲಿನ ಸದ್ದು ಹಿಂದಿನಷ್ಟು ದೂರಕ್ಕೆ ಕೇಳುವುದಿಲ್ಲ. ಕಿವಿಯಲ್ಲಿ ಇಯರ್‌ಫೋನ್ ಇದ್ದರೆ ಕೇಳುವುದೇ ಇಲ್ಲ. ತುರ್ತು ಬ್ರೇಕ್ ಹಾಕಿದರೂ ವೇಗದ ರೈಲು ನಿಲ್ಲಲು ನೂರಾರು ಮೀಟರು ಬೇಕು. ಹಳಿಯ ಮೇಲೆ, ಹಳಿಯ ಪಕ್ಕದ ಜಲ್ಲಿಯ ಮೇಲೆ ನಡೆಯುವುದು ಬೇಡವೇ ಬೇಡ. ಯುವಕರು ಫೋಟೊಗಾಗಿ ಸೇತುವೆ ಏರುವುದಂತೂ ಮನೆಯವರಿಗೆ ಮಾಡುವ ಅನ್ಯಾಯ.

ಹಳಿಯಿಂದ ಹೊರಗೆ, ರೈಲ್ವೆ ಬೇಲಿಯಾಚೆ ಬಂದರೆ ಕೋಲಾರದ ನಿಜವಾದ ಸಂಪತ್ತು ಕಾಣುತ್ತದೆ. ಅದು ಕೆರೆಗಳು. ಚಿಕ್ಕಬಳ್ಳಾಪುರ ಬೇರೆಯಾಗುವ ಮೊದಲಿನ, ಅಂದರೆ 2007ರ ಹಿಂದಿನ, ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ಸದಾ ಹರಿಯುವ ನದಿಯೊಂದೂ ಇಲ್ಲದ ಸೀಮೆ ಇದು. ಪಾಲಾರ್ ಹುಟ್ಟುವುದು ಚಿಂತಾಮಣಿ ಸೀಮೆಯ ತಲಗವಾರದ ಹತ್ತಿರ. ಕೋಲಾರ, ಮುಳಬಾಗಿಲು ಸೀಮೆಯ ನೀರು ಕೂಡಿಸಿಕೊಂಡು ಬೇತಮಂಗಲ, ರಾಮಸಾಗರ ದಾಟಿ ಆಂಧ್ರದ ಕುಪ್ಪಂ ಕಡೆಗೆ, ಅಲ್ಲಿಂದ ತಮಿಳುನಾಡಿಗೆ ಹೋಗುತ್ತದೆ. ಒಟ್ಟು 348 ಕಿಲೋಮೀಟರಿನಲ್ಲಿ ನಮ್ಮ ಪಾಲಿಗಿರುವುದು 93. ನಕ್ಷೆಯಲ್ಲಿ ಅದೊಂದು ನೀಲಿ ಗೆರೆ. ನೆಲದ ಮೇಲೆ ಅದೊಂದು ಕೆರೆಗಳ ಸರಣಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ. ನದಿಯನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿ ಉಳಿಸಿಕೊಂಡ ಸೀಮೆ ಇದು. ಕೆಜಿಎಫ್‌ನ ಗಣಿ ಕಾರ್ಮಿಕರು ಕುಡಿದ ನೀರು ಬಂದದ್ದು ಪಾಲಾರಿನ ಬೇತಮಂಗಲ ಕೆರೆಯಿಂದ.

ರೈಲು ದಾರಿಗೂ ಕೆರೆ ಏರಿಗೂ ಒಂದು ಹೋಲಿಕೆಯಿದೆ. ಏರಿಯ ನೆತ್ತಿಯೂ ಸಮತಟ್ಟು. ನೀರು ಎಲ್ಲ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆಯಾದ್ದರಿಂದ ಅದನ್ನು ತಡೆಯುವ ಏರಿಯೂ ಒಂದೇ ಮಟ್ಟದಲ್ಲಿರಬೇಕು, ಒಂದು ಕಡೆ ತಗ್ಗಿದರೆ ನೀರು ಅಲ್ಲೇ ಕೊರೆದುಕೊಂಡು ಹೋಗುತ್ತದೆ. ದೊಡ್ಡ ಕೆರೆಗಳಲ್ಲಿ ಕಿಲೋಮೀಟರು ದಾಟುವ ಏರಿಗಳಿವೆ. ಅಷ್ಟುದ್ದವೂ ಏರಿಲ್ಲ, ಇಳಿತವಿಲ್ಲ, ಎತ್ತರದಲ್ಲಿ ಗಾಳಿ, ಒಂದು ಕಡೆ ನೀರು, ಇನ್ನೊಂದು ಕಡೆ ಅಚ್ಚುಕಟ್ಟಿನ ಗದ್ದೆ, ತೋಟ. ಮಂಡಿ ನೋವಿನ ಹಿರಿಯರಿಗೆ, ಮೂರು ಗಾಲಿಯ ಸೈಕಲ್ಲಿನ ಮಗುವಿಗೆ, ಗಾಲಿಕುರ್ಚಿಯವರಿಗೆ ಇದಕ್ಕಿಂತ ಹದವಾದ ನೆಲ ಈ ಜಿಲ್ಲೆಯಲ್ಲಿಲ್ಲ. ನಮ್ಮ ಹಿರಿಯರು ಊರಿಂದೂರಿಗೆ ನಡೆದದ್ದೂ ಬಹಳಷ್ಟು ಏರಿಗಳ ಮೇಲೆಯೇ. ನೀರುಗಂಟಿ ದಿನವೂ ತೂಬಿನವರೆಗೆ ಹೋಗಿಬರುತ್ತಿದ್ದ ದಾರಿ ಅದು.

ಇಪ್ಪತ್ತು ವರ್ಷದ ಹಿಂದೆ ಈ ಮಾತು ಬರೆದಿದ್ದರೆ ಒಣ ಕೆರೆಯ ಮೇಲೆ ವಾಕಿಂಗೇ ಎಂದು ಕೇಳಿಬಿಡುತ್ತಿದ್ದರು. ಆಗ ಕೆರೆಯಂಗಳದಲ್ಲಿ ಇದ್ದದ್ದು ಜಾಲಿ ಮುಳ್ಳು, ಮರಳು ತೆಗೆದ ಗುಂಡಿ, ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ಚಿಂತೆ. ಈಗ ಚಿತ್ರ ಬದಲಾಗಿದೆ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು ಬಿತ್ತು. ದಿನಕ್ಕೆ 440 ದಶಲಕ್ಷ ಲೀಟರ್ ನೀರನ್ನು 120ಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಯೋಜನೆ ಅದು. ನರಸಾಪುರ, ಸೋಮಾಂಬುಧಿ ಅಗ್ರಹಾರ, ಜನ್ನಘಟ್ಟ, ಮುದುವಾಡಿಯ ಕೆರೆಗಳು ನೀರು ಕಂಡವು. ಅದರ ಮೇಲೆ 2021ರ ನವೆಂಬರಿನ ಮಳೆ. ಎಷ್ಟೋ ವರ್ಷಗಳ ನಂತರ ಕೋಡಿಗಳು ಹರಿದವು, ಪಾಲಾರಿನಲ್ಲಿ ಹರಿವು ಕಂಡ ಮಕ್ಕಳಿಗೆ ಅದೇ ಮೊದಲು. ಜನ ಕೋಡಿಯ ಹತ್ತಿರ ಬಾಗಿನ ಬಿಟ್ಟರು, ತೆಪ್ಪೋತ್ಸವ ಮಾಡಿದರು.

ಆ ನೀರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಬರುತ್ತಿರುವುದು ಎರಡು ಹಂತದಲ್ಲಿ ಸಂಸ್ಕರಿಸಿದ ಕೊಳಚೆ ನೀರು. ಆರಂಭದಲ್ಲೇ ನೊರೆ ಕಂಡು ಜನ ಹೆದರಿದರು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು, ಮೂರನೇ ಹಂತದ ಸಂಸ್ಕರಣೆ ಬೇಕೆಂಬ ಬೇಡಿಕೆ ಇಂದಿಗೂ ನಿಂತಿಲ್ಲ. ಆ ಬೇಡಿಕೆ ನ್ಯಾಯವಾದದ್ದು. ಅಂತರ್ಜಲ ಮೇಲೆ ಬಂದದ್ದೂ ನಿಜ, ನೀರಿನ ಗುಣದ ಮೇಲೆ ಕಣ್ಣಿಡಬೇಕಾದ್ದೂ ನಿಜ. ಇಲ್ಲಿಯೇ ಏರಿಯ ಮೇಲಿನ ನಡಿಗೆಗೆ ಇನ್ನೊಂದು ಅರ್ಥ ಬರುತ್ತದೆ. ದಿನಾ ನೂರು ಜನ ಓಡಾಡುವ ಕೆರೆಯಲ್ಲಿ ನೊರೆ ಬಂದರೆ, ಮೀನು ಸತ್ತು ತೇಲಿದರೆ, ರಾತ್ರೋರಾತ್ರಿ ಯಾರಾದರೂ ಟ್ಯಾಂಕರಿನಿಂದ ಹೊಲಸು ಸುರಿದರೆ ಬೆಳಗಾಗುವಷ್ಟರಲ್ಲಿ ಊರಿಗೆ ಗೊತ್ತಾಗುತ್ತದೆ. ಮರಳು, ಮಣ್ಣು ಕದಿಯುವವರಿಗೂ, ಏರಿಯ ಬುಡ ಕಡಿದು ಜಮೀನು ಸೇರಿಸಿಕೊಳ್ಳುವವರಿಗೂ ನಿರ್ಜನ ಕೆರೆಯೇ ಅನುಕೂಲ.

ದಾರಿ ಎಲ್ಲಿ ಶುರುವಾಗಬೇಕು? ಕೋಲಾರದಿಂದ ಶ್ರೀನಿವಾಸಪುರದ ಕಡೆಗೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಊರುಗಳ ನಡುವೆ ಸುಮಾರು 25 ಕಿಲೋಮೀಟರು, ಎರಡೂ ಕಡೆ ರೈಲು ನಿಲ್ದಾಣ. ಆರಾಮಾಗಿ ಸೈಕಲ್ ತುಳಿದರೂ ಎರಡೂವರೆ ಗಂಟೆಯ ದಾರಿ. ನಡೆಯುವವರು ಅರ್ಧ ದಾರಿ ನಡೆದು ಬಸ್ಸು ಹಿಡಿಯಬಹುದು. ಮಧ್ಯೆ ಪಾಲಾರ್ ಕೊಳ್ಳದ ದೊಡ್ಡ ಕೆರೆಗಳಿವೆ. ಕೋಲಾರದ ತುದಿಯಲ್ಲಿ ಕೋಲಾರಮ್ಮನ ಕೆರೆ, ಅಂತರಗಂಗೆ ಬೆಟ್ಟ, ಸೋಮೇಶ್ವರ ಗುಡಿ. ಶ್ರೀನಿವಾಸಪುರದ ತುದಿಯಲ್ಲಿ ಮಾವಿನ ತೋಪುಗಳು. ಜೂನ್ ತಿಂಗಳಲ್ಲಿ ಬಂದರೆ ಮಂಡಿಗಳ ಮುಂದೆ ಬಾದಾಮಿ, ಮಲಗೋವ, ತೋತಾಪುರಿ ರಾಶಿಗಳ ನಡುವೆ ಹಾದುಹೋಗಬೇಕು. ಏರಿ ಇರುವ ಕಡೆ ಏರಿ, ಎರಡು ಏರಿಗಳ ನಡುವೆ ರಾಜಕಾಲುವೆಯ ದಂಡೆ, ಅದೂ ಇಲ್ಲದ ಕಡೆ ಹಳೆಯ ಬಂಡಿ ದಾರಿ. ರಾಜಕಾಲುವೆಯ ದಂಡೆ ನಡೆಯಲು ಬರುವಂತಾಗಬೇಕಾದರೆ ಮೊದಲು ಒತ್ತುವರಿ ತೆರವಾಗಬೇಕು. ಕಾಲುವೆ ತೆರವಾದರೆ ಕೆರೆಗೆ ಮಳೆನೀರೂ ಬರುತ್ತದೆ. ಈ ಯೋಜನೆಯಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಇದೇ, ನಡಿಗೆಗಾಗಿ ಮಾಡುವ ಒಂದು ಕೆಲಸ ನೀರಿಗೂ ಆಗಿಬರುತ್ತದೆ.

ಕಟ್ಟುವ ಬಗೆಯಲ್ಲಿ ಎಚ್ಚರ ಬೇಕು. ನಮ್ಮಲ್ಲಿ ಕೆರೆ ಅಭಿವೃದ್ಧಿ ಎಂದ ಕೂಡಲೇ ಕಾಂಕ್ರೀಟ್, ಬಣ್ಣದ ಟೈಲ್ಸ್, ಸ್ಟೀಲ್ ಕಂಬಿ ಬರುತ್ತವೆ. ಏರಿ ಮಣ್ಣಿನ ಕಟ್ಟಡ. ಅದು ಕೂರುತ್ತದೆ, ಉಸಿರಾಡುತ್ತದೆ, ಒಳಗೆ ನೀರು ಜಿನುಗಿದರೆ ಹೊರಮೈಯಲ್ಲಿ ತೇವ ಕಾಣಿಸಿ ಸೂಚನೆ ಕೊಡುತ್ತದೆ. ಮೇಲೆ ಕಾಂಕ್ರೀಟ್ ಹೊದಿಸಿದರೆ ಬಿರುಕು ಕಾಣದೆ ಒಳಗೊಳಗೇ ದೊಡ್ಡದಾಗುತ್ತದೆ. ಗಟ್ಟಿಯಾಗಿ ರೋಲರ್ ಹೊಡೆದ ಗರಸು ಮಣ್ಣು ಸಾಕು. ಮಳೆನೀರು ಅಂಗಳದ ಕಡೆ ಹರಿಯುವಂತೆ ನೆತ್ತಿಗೆ ಸ್ವಲ್ಪ ಓರೆ ಕೊಟ್ಟರೆ ಕೊರಕಲು ಬೀಳುವುದಿಲ್ಲ. ನೆರಳಿಗಾಗಿ ಏರಿಯ ಮೈಮೇಲೆ ದೊಡ್ಡ ಮರ ನೆಡುವುದೂ ತಪ್ಪು. ಮರ ಸತ್ತಾಗ ಬೇರು ಕೊಳೆತು ಒಳಗೆ ಕೊಳವೆಯಾಗುತ್ತದೆ, ನೀರು ಆ ಕೊಳವೆ ಹಿಡಿದು ಏರಿಯನ್ನೇ ಒಡೆಯಬಹುದು. ಹೊಂಗೆ, ಬೇವು, ಹುಣಸೆ ಬುಡದಿಂದ ದೂರ, ಕೆಳಗಿನ ಬಯಲಿನಲ್ಲಿ ಬೆಳೆಯಲಿ. ಲಾರಿ, ಟ್ರ್ಯಾಕ್ಟರು ಏರಿ ಹತ್ತದ ಹಾಗೆ ಎರಡೂ ತುದಿಯಲ್ಲಿ ಕಲ್ಲು ಕಂಬ ನೆಡಬೇಕು, ನಡುವೆ ಸೈಕಲ್ಲು, ಗಾಲಿಕುರ್ಚಿ ನುಸುಳುವಷ್ಟು ಸಂದು ಬಿಟ್ಟು. ಕೋಡಿಯ ಹತ್ತಿರ ದಾರಿ ತುಂಡಾಗುತ್ತದೆ. ಅಲ್ಲಿ ಎತ್ತರದ ಸೇತುವೆ ಕಟ್ಟಲು ಹೋದರೆ ಖರ್ಚು ಮೀರುತ್ತದೆ. ತಳಮಟ್ಟದ ಕಲ್ಲು ಹಾಸು ಹಾಕಿ, ಕೋಡಿ ಹರಿಯುವ ದಿನಗಳಲ್ಲಿ ದಾರಿ ಮುಚ್ಚುವುದು ಒಳ್ಳೆಯದು. ಜಾಲಿಯ ಮುಳ್ಳು ಸೈಕಲ್ ಟೈರಿಗೆ ಮೊದಲ ಶತ್ರು. ಅದನ್ನು ಬೇರು ಸಮೇತ ತೆಗೆಯದೆ ಕಡಿದರೆ ಮುಂದಿನ ಮಳೆಗೆ ಎರಡರಷ್ಟು ಚಿಗುರುತ್ತದೆ.

ರೈಲು ಹಳಿ ದಾಟುವ ಕಡೆಗಳೇ ಈ ದಾರಿಯ ಗಂಟು. ಲೆವೆಲ್ ಕ್ರಾಸಿಂಗ್ ತೆಗೆದು ಕೆಳಸೇತುವೆ ಮಾಡಿದ ಜಾಗಗಳಲ್ಲಿ ಮಳೆ ಬಂದರೆ ಸೊಂಟದವರೆಗೆ ನೀರು ನಿಲ್ಲುವುದು ಈ ಸೀಮೆಯ ಎಲ್ಲರೂ ಕಂಡದ್ದೇ. ಸೈಕಲ್ಲಿನವರು ಆಗ ಹಳಿ ಹತ್ತಿ ದಾಟುತ್ತಾರೆ, ಬೇರೆ ದಾರಿ ಅವರಿಗಿಲ್ಲ. ಕೆಳಸೇತುವೆಯ ಒಂದು ಬದಿಯಲ್ಲಿ ಮೂರಡಿ ಎತ್ತರಿಸಿದ ಕಾಲುದಾರಿ, ನೀರು ಹೊರಹೋಗಲು ಸರಿಯಾದ ಮೋರಿ ಇಷ್ಟಿದ್ದರೆ ಸಾಕು. ಇದು ವಾಕಿಂಗ್ ಹೋಗುವವರ ಸೌಕರ್ಯದ ಮಾತು ಮಾತ್ರವಲ್ಲ, ಶಾಲೆಗೆ ಹೋಗುವ ಮಕ್ಕಳ ಪ್ರಾಣದ ಮಾತು.

ಯಾರನ್ನು ಕೇಳಬೇಕು ಎಂಬುದೂ ಓದುಗರಿಗೆ ಗೊತ್ತಿರಲಿ. ನಲವತ್ತು ಹೆಕ್ಟೇರಿಗಿಂತ ಹೆಚ್ಚು ಅಚ್ಚುಕಟ್ಟಿರುವ ಕೆರೆ ಸಣ್ಣ ನೀರಾವರಿ ಇಲಾಖೆಯದ್ದು, ಅದಕ್ಕಿಂತ ಚಿಕ್ಕವು ಪಂಚಾಯಿತಿಗಳದ್ದು. ಕೆರೆಯಂಗಳ, ರಾಜಕಾಲುವೆಗಳ ಗಡಿ ಗುರುತಿಸುವುದು ಕಂದಾಯ ಇಲಾಖೆಯ ಸರ್ವೆಯವರ ಕೆಲಸ. ಬೇಲಿಯಾಚೆಯ ಹಳೆಯ ದಿಂಡು, ಮೋರಿಗಳು ರೈಲ್ವೆಯವು. ಇಷ್ಟು ಕೈಗಳಲ್ಲಿ ಹಂಚಿಹೋದ ನೆಲದ ಮೇಲೆ ಒಂದು ದಾರಿ ಕೂಡಿಬರಬೇಕಾದರೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಎಲ್ಲರೂ ಒಂದೇ ಮೇಜಿನ ಸುತ್ತ ಕೂರಬೇಕು. ಏರಿಯ ಮುಳ್ಳುಗಂಟಿ ತೆಗೆಯುವುದು, ಕಾಲುವೆ ಹೂಳೆತ್ತುವುದು ಗ್ರಾಮ ಪಂಚಾಯಿತಿಗಳು ಕೂಲಿ ಕೊಟ್ಟು ಮಾಡಿಸಿ ರೂಢಿಯಿರುವ ಕೆಲಸಗಳೇ. ಆ ಕೆಲಸಗಳನ್ನು ಅಲ್ಲೊಂದು ಇಲ್ಲೊಂದು ಮಾಡುವ ಬದಲು ಒಂದೇ ಸಾಲಿನ ಕೆರೆಗಳಲ್ಲಿ ಮಾಡಿದರೆ ಮೊದಲ ತುಂಡು ತಾನಾಗಿ ಮೂಡುತ್ತದೆ.

ಅಚ್ಚುಕಟ್ಟಿನ ರೈತರ ಒಪ್ಪಿಗೆ ಇಲ್ಲದೆ ಇದಾವುದೂ ನಡೆಯಕೂಡದು. ಏರಿಯ ಮೇಲೆ ದನ ಹೊಡೆದುಕೊಂಡು ಹೋಗುವವರು, ರಾಗಿ ಹುಲ್ಲು ಒಣಗಿಸುವವರು, ಮೀನು ಹಿಡಿಯುವ ಗುತ್ತಿಗೆಯವರು, ಬಟ್ಟೆ ಒಗೆಯುವವರು ಇವರೆಲ್ಲ ಮೊದಲಿನಿಂದ ಇದ್ದವರು. ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವ ಸೈಕಲ್ಲಿನವರಿಗಾಗಿ ಅವರನ್ನು ಪಕ್ಕಕ್ಕೆ ಸರಿಸುವ ದಾರಿಯಾದರೆ ಅದು ಬೇಡ. ಬಂದವರು ಪ್ಲಾಸ್ಟಿಕ್, ಬಾಟಲಿ ಬಿಸಾಡಿ ಹೋಗುವ ದಾರಿಯಾದರೂ ಬೇಡ. ಗದ್ದೆಯಲ್ಲಿ ಒಡೆದ ಗಾಜು ಯಾರ ಕಾಲಿಗೆ ಚುಚ್ಚುತ್ತದೆ ಎಂಬುದು ನಮಗೆ ಗೊತ್ತಿದೆ. ದಾರಿಯ ಮೊದಲ ಬಳಕೆದಾರರು ಹಳ್ಳಿಯ ಶಾಲಾಮಕ್ಕಳು, ಹಾಲಿನ ಡೇರಿಗೆ ಹೋಗುವವರು, ಸಂತೆಗೆ ಹೋಗುವವರೇ ಆಗಿರಬೇಕು. ಬೇತಮಂಗಲದಲ್ಲಿ, ಬೂದಿಕೋಟೆ ಕಡೆಯ ಮಾರ್ಕಂಡೇಯ ಜಲಾಶಯದ ಸುತ್ತ, ಮುಳಬಾಗಿಲಿನಿಂದ ಕುರುಡುಮಲೆಯ ಕಡೆಗೆ ಮುಂದಿನ ತುಂಡುಗಳು ಆಮೇಲೆ ಬರಲಿ.

ಈ ಚಳಿಗಾಲದಲ್ಲೇ ನಡೆಯಬೇಕೆನ್ನುವವರಿಗೆ ದಾರಿ ಕಟ್ಟುವವರೆಗೆ ಕಾಯುವ ಅಗತ್ಯವಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಬೆಳಗ್ಗೆ ಬಿಸಿಲೇರುವ ಮುನ್ನ ಹತ್ತಿರದ ದೊಡ್ಡ ಕೆರೆಯ ಏರಿ ಹತ್ತಿ. ಊರಿನವರನ್ನು ಕೇಳಿ ಹತ್ತುವುದು ಮರ್ಯಾದೆ. ನೀರಿನಂಚಿಗೆ ಇಳಿಯಬೇಡಿ, ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣುವುದಿಲ್ಲ. ಮಕ್ಕಳನ್ನು ತೂಬಿನ ಹತ್ತಿರ ಬಿಡಬೇಡಿ. ಸೈಕಲ್ಲಾದರೆ ದಪ್ಪ ಟೈರು, ಪಂಕ್ಚರ್ ಕಿಟ್ ಜೊತೆಗಿರಲಿ. ಏರಿಯ ಮೇಲೆ ಎಲ್ಲಾದರೂ ಬಿರುಕು, ಹೊರಮೈಯಲ್ಲಿ ಹೊಸ ತೇವ, ಇಲಿ-ಹೆಗ್ಗಣದ ದೊಡ್ಡ ಬಿಲ ಕಂಡರೆ ಫೋಟೊ ತೆಗೆದು ಪಂಚಾಯಿತಿಗೂ ಸಣ್ಣ ನೀರಾವರಿ ಇಲಾಖೆಯ ಕಚೇರಿಗೂ ತಲುಪಿಸಿ, ಯಾವ ತೂಬಿನಿಂದ ಎಷ್ಟು ಹೆಜ್ಜೆ ಎಂಬುದನ್ನೂ ಬರೆದು.